ಹನ್ನೆರಡು ಹೆಸರು, ಇಪ್ಪತ್ತೈದು ನರ್ಸಬಾಯಿಗಳು

ವಿದ್ವಾಂಸನ ತೂಕ ಎಷ್ಟು ಎಂಬ ಪ್ರಶ್ನೆಗೆ ಈಗ ತಕ್ಕಡಿ ಬಂದಿದೆ. ಆತ ಬರೆದ ಪ್ರಬಂಧವನ್ನು ಬೇರೆ ಎಷ್ಟು ಪ್ರಬಂಧಗಳು ತಮ್ಮ ಕೊನೆಯ ಪುಟದಲ್ಲಿ ಹೆಸರಿಸಿವೆ ಎಂದು ಎಣಿಸುತ್ತಾರೆ. ಒಮ್ಮೆ ಹೆಸರಿಸಿದರೆ ಒಂದು ಉಲ್ಲೇಖ. ಉಲ್ಲೇಖ ಹೆಚ್ಚಿದಷ್ಟೂ ವಿದ್ವಾಂಸ ಭಾರ, ಬಡ್ತಿ ಹಗುರ, ಸನ್ಮಾನದ ಶಾಲು ದಪ್ಪ.

ನಾವು ತಕ್ಕಡಿ ಬಲ್ಲ ಜನ. ಬೆಳಗಾವಿಯ ಆಟೋ ನಗರದಲ್ಲಿ ಲಾರಿಗೆ ಬಾಡಿ ಕಟ್ಟುವವರು, ತಗಡು ಬಡಿಯುವವರು, ವೆಲ್ಡಿಂಗ್ ಕಿಡಿಗೆ ಕಣ್ಣು ಕೊಟ್ಟವರು, ಗುಜರಿ ತೂಗುವವರು. ನಮ್ಮೊಳಗೆ ಇಬ್ಬರು ಪ್ರಾಥಮಿಕ ಶಾಲೆಯ ಮಾಸ್ತರರು, ಒಬ್ಬ ನಿವೃತ್ತ ನರ್ಸಬಾಯಿಯ ಮಗ, ಪದವಿ ಓದುವ ಮೂವರು ಹುಡುಗಿಯರು ಇದ್ದಾರೆ. ರವಿವಾರ ಸಂಜೆ ಗ್ಯಾರೇಜಿನ ಶಟರನ್ನು ಅರ್ಧಕ್ಕೆ ಎಳೆದು ಕೂಡಿ ಓದುತ್ತೇವೆ. ಗುಜರಿ ಅಂಗಡಿ ಕಲಿಸಿದ ಒಂದು ಪಾಠ ಓದಿನಲ್ಲೂ ನಮ್ಮ ಉಪಯೋಗಕ್ಕೆ ಬಿದ್ದಿದೆ. ತಕ್ಕಡಿಯ ಮುಳ್ಳು ನೋಡಿದರೆ ಸಾಲದು. ತಟ್ಟೆಯಲ್ಲಿ ಏನಿಟ್ಟರು, ಏನನ್ನು ಕೆಳಗೇ ಬಿಟ್ಟರು ಅನ್ನುವುದನ್ನೂ ನೋಡಬೇಕು.

ಈ ಸಲ ನಾವು ಓದಿದ್ದು ಇಂಗ್ಲಿಷಿನ ಆರು ಪುಟ. ಲಂಡನ್ನಿನಿಂದ ಬರುವ ‘ಲ್ಯಾನ್ಸೆಟ್’ ಎಂಬ ವೈದ್ಯ ಪತ್ರಿಕೆಯ 2006ರ ಅಕ್ಟೋಬರ್ ಸಂಚಿಕೆಯ 1248ರಿಂದ 1253ರವರೆಗಿನ ಪುಟಗಳು. ಹೆರಿಗೆಯಾದ ಮೇಲೆ ಹೆಣ್ಣುಮಗಳು ನೆತ್ತರು ಹೋಗಿ ಸಾಯುವುದನ್ನು ಮೂರು ಸಣ್ಣ ಗುಳಿಗೆಗಳಿಂದ ತಡೆಯಬಹುದೇ ಎಂಬುದು ಅದರ ವಿಷಯ. ಆ ಪ್ರಯೋಗ ನಡೆದದ್ದು ಲಂಡನ್ನಿನಲ್ಲಲ್ಲ, ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ನಡೆಸಿದವರಲ್ಲಿ ನಮ್ಮೂರ ನೆಹರು ನಗರದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ಡಾಕ್ಟರರಿದ್ದಾರೆ. ಆಟೋ ನಗರದಿಂದ ಆ ಕಾಲೇಜು ದೂರವೇನಿಲ್ಲ. ಆದರೆ ನಮ್ಮೂರಿನ ಈ ಸುದ್ದಿ ಜಗತ್ತು ತಿರುಗಿ ನಮ್ಮ ಶಟರಿನೊಳಗೆ ಬರಲು ಹತ್ತೊಂಬತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಯಾಕೆ?

ಮೊದಲು ಈ ಉಲ್ಲೇಖದ ತಕ್ಕಡಿ ಎಲ್ಲಿಂದ ಬಂತು ಎಂದು ತಿಳಿಯೋಣ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯೂಜಿನ್ ಗಾರ್ಫೀಲ್ಡ್ ಎಂಬಾತ 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಎಂಬ ಸೂಚಿಯನ್ನು ಹೊರತಂದ. ಯಾವ ಪ್ರಬಂಧದ ಮಾತು ಮುಂದೆ ಯಾವ ಪ್ರಬಂಧಕ್ಕೆ ಹೋಯಿತು ಎಂದು ಜಾಡು ಹಿಡಿಯುವುದಕ್ಕೆ ಮಾಡಿದ ಸೂಚಿ ಅದು. ಒಳ್ಳೆಯ ಕೆಲಸವೇ. ಅದೇ 1964ರಲ್ಲಿ ನಮ್ಮ ಪಕ್ಕದ ಧಾರವಾಡದಲ್ಲಿ ‘ಸಂಕ್ರಮಣ’ ಪತ್ರಿಕೆ ಹುಟ್ಟಿತು. ಎರಡಕ್ಕೂ ಒಂದೇ ವಯಸ್ಸು. ಆದರೆ ಕನ್ನಡದಲ್ಲಿ ಬರೆದದ್ದು ಆ ಸೂಚಿಯ ಕಣ್ಣಿಗೆ ಬರಹವೇ ಅಲ್ಲ. ಅದು ಹೆಚ್ಚಾಗಿ ಇಂಗ್ಲಿಷನ್ನು, ಅದರಲ್ಲೂ ತಾನು ಆರಿಸಿಕೊಂಡ ಪತ್ರಿಕೆಗಳನ್ನು ಮಾತ್ರ ಎಣಿಸಿತು. ಜಾಡು ಹಿಡಿಯುವ ಸಾಧನ ಬರುಬರುತ್ತ ಯೋಗ್ಯತೆ ಅಳೆಯುವ ಸಾಧನವಾಯಿತು. 2005ರಲ್ಲಿ ಹರ್ಷ್ ಎಂಬ ಭೌತವಿಜ್ಞಾನಿ ‘ಎಚ್-ಸೂಚ್ಯಂಕ’ ಕಂಡುಹಿಡಿದ. ನಮ್ಮ ಮಾಸ್ತರರು ಅದನ್ನು ಸೀಮೆಸುಣ್ಣದಿಂದ ಬಾನೆಟ್ಟಿನ ಮೇಲೆ ಬರೆದು ತಿಳಿಸಿದರು: ಒಬ್ಬ 5 ಪ್ರಬಂಧ ಬರೆದ, ಅವಕ್ಕೆ 10, 8, 5, 4, 2 ಉಲ್ಲೇಖ ಬಂದವು. ನಾಲ್ಕು ಅಥವಾ ಹೆಚ್ಚು ಉಲ್ಲೇಖದವು 4 ಇವೆ. ಐದು ಅಥವಾ ಹೆಚ್ಚು ಉಲ್ಲೇಖದವು 5 ಇಲ್ಲ. ಆದ್ದರಿಂದ ಆತನ ಸೂಚ್ಯಂಕ 4. ಅಷ್ಟೇ. ಇಡೀ ಬಾಳಿನ ದುಡಿಮೆ ಒಂದೇ ಅಂಕಿ. ಈಗ ವರ್ಷವರ್ಷ ಅಮೆರಿಕದ ಸ್ಟ್ಯಾನ್‌ಫರ್ಡಿನಿಂದ ‘ಜಗತ್ತಿನ ಶೇ. 2ರ ವಿಜ್ಞಾನಿಗಳು’ ಎಂಬ ಪಟ್ಟಿ ಬರುತ್ತದೆ, ಕಾಲೇಜುಗಳ ಗೇಟಿಗೆ ಬ್ಯಾನರ್ ಏರುತ್ತದೆ.

(ಹಳ್ಳಿಯ ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರ ಪಾಡು ಬೇರೆ. ಯು.ಜಿ.ಸಿ. 2010ರಲ್ಲಿ ಬಡ್ತಿಗೆ ಅಂಕಗಳ ಲೆಕ್ಕ ತಂದ ಮೇಲೆ ದುಡ್ಡು ಕೊಟ್ಟರೆ ಪ್ರಬಂಧ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಯಂತೆ ಎದ್ದವು. ಓದುವವರಿಲ್ಲದ ಬರಹ, ಬರೆಯಲು ಬಿಡುವಿಲ್ಲದ ಮಾಸ್ತರು. ಅದನ್ನು ಇನ್ನೊಮ್ಮೆ ಬರೆಯೋಣ.)

ಇನ್ನು ಆ ಆರು ಪುಟಕ್ಕೆ ಬರೋಣ. ಅದನ್ನು ಓದುವಾಗ ನಮ್ಮಲ್ಲಿ ಒಬ್ಬ ಎದ್ದು ಹೊರಗೆ ಹೋದ. ಅವನದು ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿ. ಅವನ ಅವ್ವ 1994ರ ಆಷಾಢದಲ್ಲಿ ಅವನ ತಂಗಿಯನ್ನು ಹಡೆದು ಸತ್ತಳು. ಮಲಪ್ರಭೆ ಹುಟ್ಟುವ ಸೀಮೆ ಅದು. ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ, ಹಳ್ಳ ಏರಿದರೆ ದಾರಿಯೇ ಇಲ್ಲ. ಹೆರಿಗೆ ಸುಸೂತ್ರವಾಯಿತು, ಕೂಸು ಅತ್ತಿತು, ಮಾಸೂ ಬಿತ್ತು. ಆಮೇಲೆ ನೆತ್ತರು ನಿಲ್ಲಲಿಲ್ಲ. ಕಂಬಳಿ ಜೋಲಿಯಲ್ಲಿ ಹೊತ್ತು ನಡೆದರು. ದೊಡ್ಡ ಆಸ್ಪತ್ರೆ ಮುಟ್ಟಿದಾಗ ಬೆಳಗಾಗಿತ್ತು. ‘ಇಷ್ಟ್ಯಾಕ ತಡಾ ಮಾಡಿದ್ರಿ?’ ಎಂದು ಅಲ್ಲಿ ಬೈದರು. ಬೈಸಿಕೊಂಡ ಅಪ್ಪನಿಗೆ ಉತ್ತರ ಕೊಡುವ ಗರಜೂ ಉಳಿದಿರಲಿಲ್ಲ. ಕಾಗದದ ಮೇಲೆ ಸಾವಿನ ಕಾರಣ ಬರೆದರು. ಎಷ್ಟು ನೆತ್ತರು ಹೋಗಿತ್ತು ಅನ್ನುವುದನ್ನು ಯಾರೂ ಬರೆಯಲಿಲ್ಲ. ಯಾರೂ ಅಳೆದಿರಲಿಲ್ಲ.

ಅವತ್ತು ಹೆರಿಗೆ ಮಾಡಿಸಿದ ಸೂಲಗಿತ್ತಿ ಮುದುಕಿ ನಮ್ಮ ಕೇರಿಯವಳು. ಊರ ಗೌಡರ ಮನೆಯ ಮಕ್ಕಳೂ ಅವಳ ಕೈಯಲ್ಲೇ ಭೂಮಿಗೆ ಬಿದ್ದವು. ಕರೆಯುವಾಗ ಹಿತ್ತಲ ಬಾಗಿಲು, ಕಳಿಸುವಾಗಲೂ ಹಿತ್ತಲ ಬಾಗಿಲು. ಕೂಸು ಅವಳ ಕೈಯಿಂದ ದಾಟಿದ ಗಳಿಗೆಯಿಂದ ಅವಳು ಮೈಲಿಗೆ. ಬಾಣಂತಿಯ ನೆತ್ತರಿನ ಬಟ್ಟೆ ಒಗೆಯುವುದೂ ಅವಳೇ, ಮಾಸು ಹುಗಿಯುವುದೂ ಅವಳೇ. ಈಗ ಎಂಬತ್ತು ದಾಟಿದ್ದಾಳೆ. ನೆತ್ತರು ಹೆಚ್ಚಾಯಿತೆಂದು ಹೇಗೆ ತಿಳೀತಿದ್ದಿ ಅಜ್ಜಿ ಎಂದು ಕೇಳಿದೆವು.

‘ಹಾಸಿದ್ದು ತೊಯ್ದು ನೆಲಕ್ಕ ಇಳದರ ಹೆಚ್ಚಾತು ತಮ್ಮಾ. ಬಾಣಂತಿ ಮಾರಿ ಬೆಳ್ಳಗಾದ್ರ ಭಾಳಾತು. ಮಾರಿ ಬೆಳ್ಳಗಾದ ಮ್ಯಾಲೆ ಯಾರ ಕೈಯಾಗೇನೈತಿ?’

ಮುದುಕಿಯ ಮಾತಿನಲ್ಲಿ ಅಜ್ಞಾನ ಹುಡುಕುವ ಜಾಣರು ಒಂದು ನಿಮಿಷ ತಡೆಯಬೇಕು. ದೊಡ್ಡ ಆಸ್ಪತ್ರೆಗಳಲ್ಲೂ ಅಳತೆ ಕಣ್ಣಿನದೇ ಆಗಿತ್ತು. ಬೆಳಗಾವಿಯ ಸಂಶೋಧಕರು ಮೊದಲು ಕೈ ಹಾಕಿದ್ದು ಇದಕ್ಕೇ, ನಮಗೆ ಅವರ ಮೇಲೆ ಗೌರವ ಹುಟ್ಟಿದ್ದೂ ಇಲ್ಲಿಯೇ. ಅಮೆರಿಕದ ಸಹೋದ್ಯೋಗಿಗಳ ಜೊತೆ ಕೂಡಿ ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಹೆರಿಗೆಯಾದ ಕೂಡಲೆ ತಾಯಿಯ ಸೊಂಟದ ಕೆಳಗೆ ಅದನ್ನು ಹಾಸುವುದು. ಕೆಳತುದಿಗೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಬಿದ್ದ ನೆತ್ತರು ತಾನೇ ಹರಿದು ಚೀಲದಲ್ಲಿ ನಿಲ್ಲುತ್ತದೆ. ಸೀಮೆಎಣ್ಣೆ ಅಳೆಯುವ ಮಾಪಿನಷ್ಟು ಸರಳ. ಅದನ್ನು ರೂಪಿಸಿದ ಏಳು ಜನರ ಹೆಸರಿನ ಮೊದಲ ಅಕ್ಷರ ಕೂಡಿಸಿ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ಕಣ್ಣಿನ ಅಂದಾಜನ್ನೂ ಈ ಚೀಲದ ಅಳತೆಯನ್ನೂ 123 ಹೆರಿಗೆಗಳಲ್ಲಿ ಹೋಲಿಸಿ ನೋಡಿದರು. ಕಣ್ಣಿನ ಅಂದಾಜು ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ! 2006ರಲ್ಲಿ ಅದೂ ಅಚ್ಚಾಯಿತು.

ಗೆಳೆಯರೇ, ಈ ಶೇ. 33ನ್ನು ನಾವು ಬಹಳ ಹೊತ್ತು ನೋಡುತ್ತ ಕೂತೆವು. ಹೆಣ್ಣಿನ ಮೈಯಿಂದ ಹರಿದ ನೆತ್ತರಿನಲ್ಲಿ ಮೂರರಲ್ಲೊಂದು ಪಾಲು ಕಲಿತವರ ಕಣ್ಣಿಗೇ ಕಾಣಲಿಲ್ಲ. ನೆಲ ಹೀರಿತು, ಬಟ್ಟೆ ಹೀರಿತು, ‘ಹೆರಿಗೆ ಅಂದ್ರ ಇಷ್ಟು ಹೋಗೂದ’ ಎಂಬ ಮಾತು ಉಳಿದದ್ದನ್ನು ಹೀರಿತು.

ಈಗ ಪ್ರಯೋಗದ ಮಾತು. ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಬಿಗಿಯದೆ ಸಡಿಲ ಉಳಿದರೆ ನೆತ್ತರಿನ ನಾಳಗಳು ಮುಚ್ಚುವುದಿಲ್ಲ. ಬಿಗಿಸಲು ಆಕ್ಸಿಟೋಸಿನ್ ಎಂಬ ಸೂಜಿಮದ್ದು ಇದೆ, ಅದೇ ಮೇಲು. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಬಲ್ಲವರು ಬೇಕು. ಕರೆಂಟು ಬಾರದ ಉಪಕೇಂದ್ರದಲ್ಲಿ ಫ್ರಿಜ್ ಎಲ್ಲಿ? ಮೇಲಾಗಿ ಆ ದಿನಗಳಲ್ಲಿ ಹಳ್ಳಿಯ ಹೆರಿಗೆಯಲ್ಲಿ ಆ ಸೂಜಿ ಹಾಕುವ ಅಧಿಕಾರವೇ ನರ್ಸಬಾಯಿಗೆ ಇರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬುದು ಗುಳಿಗೆ. ಮೊದಲು ಹೊಟ್ಟೆಹುಣ್ಣಿಗೆಂದು ಬಂದದ್ದು. ಅದು ಗರ್ಭಕೋಶವನ್ನು ಹಿಂಡುತ್ತದೆ ಎಂಬುದನ್ನು 1980ರ ದಶಕದಲ್ಲಿ ಬ್ರೆಜಿಲಿನ ಬಡ ಹೆಂಗಸರು, ಗರ್ಭಪಾತಕ್ಕೆ ಕಾನೂನು ಅಡ್ಡವಾಗಿದ್ದಾಗ, ತಮ್ಮ ಮೈಮೇಲೆ ತಾವೇ ಅರಿತು ಒಬ್ಬರಿಂದೊಬ್ಬರಿಗೆ ದಾಟಿಸಿದ್ದರು. ಪಂಡಿತರು ಅದರ ಬಗ್ಗೆ ರಾಶಿ ಪ್ರಬಂಧ ಬರೆದದ್ದು ಆಮೇಲೆ. ಆ ಹೆಂಗಸರ ಎಚ್-ಸೂಚ್ಯಂಕ ಎಷ್ಟು?

ಈ ಗುಳಿಗೆಯನ್ನು ಫ್ರಿಜ್ಜಿನಲ್ಲಿ ಇಡಬೇಕಿಲ್ಲವಲ್ಲ, ಹಳ್ಳಿಯ ಹೆರಿಗೆಯಲ್ಲಿ ಕೊಟ್ಟರೆ ನೆತ್ತರು ನಿಂತೀತೇ? 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಇದನ್ನು ಪರೀಕ್ಷಿಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹಡೆದ 1620 ತಾಯಂದಿರು. ಚೀಟಿ ಎತ್ತಿದ ಹಾಗೆ 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಅದೇ ರೂಪದ ಹುಸಿ ಗುಳಿಗೆ. ಯಾರಿಗೆ ಯಾವುದು ಎಂದು ತಾಯಿಗೂ ಗೊತ್ತಿಲ್ಲ, ಕೊಟ್ಟ ನರ್ಸಿಗೂ ಗೊತ್ತಿಲ್ಲ. ಹೆರಿಗೆ ಮಾಡಿಸಿ, ಗುಳಿಗೆ ನುಂಗಿಸಿ, ಹಾಳೆ ಹಾಸಿ, ನೆತ್ತರು ಅಳೆದು ಬರೆದವರು 25 ಎ.ಎನ್.ಎಂ.ಗಳು, ಅಂದರೆ ನಮ್ಮ ನರ್ಸಬಾಯಿಗಳು.

ಫಲಿತಾಂಶ ಹೀಗೆ ಬಂತು. 500 ಮಿಲಿಲೀಟರ್ ದಾಟಿ ನೆತ್ತರು ಹೋದವರು ಹುಸಿ ಗುಳಿಗೆಯವರಲ್ಲಿ ಶೇ. 12, ನಿಜ ಗುಳಿಗೆಯವರಲ್ಲಿ ಶೇ. 6.4. ಒಂದು ಲೀಟರ್ ದಾಟಿದವರು ಶೇ. 1.2ರಿಂದ 0.2ಕ್ಕೆ ಇಳಿದರು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ. ತೊಂದರೆ ಎಂದರೆ ಸ್ವಲ್ಪ ಹೊತ್ತಿನ ಮೈನಡುಕ, ಜ್ವರ.

ಇದನ್ನು ಓದಿ ಮುಗಿಸಿದಾಗ ನಮ್ಮ ಪದವಿಯ ಹುಡುಗಿಯೊಬ್ಬಳು ಕಾಗದದ ಮೇಲೆ ಗುಣಿಸಿ ಕೇಳಿದಳು: ‘808ರಾಗ ಶೇ. 12 ಅಂದ್ರ 97 ಮಂದಿ. ನಿಜ ಗುಳಿಗಿ ಕೊಟ್ಟಿದ್ರ ಇವರಾಗ ಅರ್ಧಾ ಮಂದಿಗೆ ತಪ್ತಿತ್ತಲ್ಲ?’

ಪ್ರಯೋಗವಾದ ಮೇಲೆ ತಿಳಿದದ್ದನ್ನು ಪ್ರಯೋಗಕ್ಕೆ ಮೊದಲೇ ತಿಳಿದಿತ್ತು ಎಂದು ಹೇಳಲಾಗದು. ಗುಣವಾಗುತ್ತದೋ ಇಲ್ಲವೋ ತಿಳಿಯದ್ದಕ್ಕೇ ಪರೀಕ್ಷೆ. ಹುಸಿ ಗುಳಿಗೆ ಪಡೆದವರಿಗೆ ಅಂದು ಹಳ್ಳಿಯಲ್ಲಿ ಸಿಗುತ್ತಿದ್ದ ಆರೈಕೆಯೆಲ್ಲ ಸಿಕ್ಕಿತು ಎನ್ನುವುದು ಸಂಶೋಧನೆಯ ಸಮರ್ಥನೆ. ಸಮರ್ಥನೆ ಸರಿಯೇ. ಆದರೆ ಆ ‘ಅಂದು ಸಿಗುತ್ತಿದ್ದ ಆರೈಕೆ’ ಯಾಕೆ ಅಷ್ಟು ಬರಿದಾಗಿತ್ತು? ನಗರದ ದೊಡ್ಡಾಸ್ಪತ್ರೆಯಲ್ಲಿ ಹಡೆಯುವ ಉಳ್ಳವರ ಹೆಣ್ಣುಮಗಳಿಗೆ ಸೂಜಿಮದ್ದು ಇದ್ದೇ ಇತ್ತು. ಅವಳನ್ನು ಹುಸಿ ಗುಳಿಗೆಯ ಸಾಲಿಗೆ ಯಾರೂ ಕೂಡಿಸಲಾರರು. ಬಡವರ ಹೆರಿಗೆಗೆ ಏನೂ ಇಲ್ಲದಿದ್ದರಿಂದಲೇ ಬಡವರ ಹೆರಿಗೆ ಪ್ರಯೋಗಕ್ಕೆ ಹೊಂದಿತು. ಇದು ಡಾಕ್ಟರರ ಮೇಲಿನ ದೂರಲ್ಲ. ಏನೂ ಇಲ್ಲದಂತೆ ಇಟ್ಟವರ ಮೇಲಿನ ದೂರು. 1928ರಲ್ಲಿ, ಬೆಳಗಾವಿ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ಎದ್ದು ನಿಂತು, ತಾಯಿಗೆ ವಿಶ್ರಾಂತಿ ಕೊಡುವುದು ನಾಡಿನ ಹಿತ, ಅದರ ಭಾರವನ್ನು ಸರ್ಕಾರವೂ ಹೊರಬೇಕು ಎಂದು ವಾದಿಸಿದ್ದರು. ಅಲ್ಲಿಂದ 2002ಕ್ಕೆ ಎಷ್ಟು ವರ್ಷ, ಲೆಕ್ಕ ಹಾಕಿ.

ಪ್ರಬಂಧ ಅಚ್ಚಾದ ಮೇಲೆ ಉಲ್ಲೇಖಗಳ ಮೆರವಣಿಗೆ ಹೊರಟಿತು. ಇವತ್ತಿಗೆ ನೂರಾರು ಪ್ರಬಂಧಗಳು ಇದನ್ನು ಹೆಸರಿಸಿವೆ. ಪಾಕಿಸ್ತಾನದ ಚಿತ್ರಾಲಿನಲ್ಲಿ ಅದೇ ಗುಳಿಗೆಯನ್ನು ನರ್ಸರ ಕೈಗಲ್ಲ, ನೇರ ಸೂಲಗಿತ್ತಿಯರ ಕೈಗೇ ಕೊಟ್ಟು 1119 ಹೆರಿಗೆಗಳಲ್ಲಿ ಪರೀಕ್ಷಿಸಿದರು. ಅಲ್ಲೂ ರಕ್ತಸ್ರಾವ ಇಳಿಯಿತು, 2011ರಲ್ಲಿ ಅದರ ವರದಿ ಬಂತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ, ಆಕ್ಸಿಟೋಸಿನ್ ಸಿಗದ ಕಡೆ ಈ ಕೆಲಸಕ್ಕೆಂದು, ಮಿಸೊಪ್ರೊಸ್ಟಾಲನ್ನು ಸೇರಿಸಿತು. 2012ರಲ್ಲಿ, ಕಲಿತ ಸೂಲಗಿತ್ತಿ ಇಲ್ಲದಲ್ಲಿ ಸಮುದಾಯದ ಕಾರ್ಯಕರ್ತೆಯೂ 600 ಮೈಕ್ರೊಗ್ರಾಮಿನ ಗುಳಿಗೆ ಕೊಡಬಹುದು ಎಂದಿತು. ಸೂಜಿ ಮುಟ್ಟಲೂ ಅಧಿಕಾರವಿಲ್ಲದಿದ್ದ ನಮ್ಮ ನರ್ಸಬಾಯಿಗಳು ಬರೆದಿಟ್ಟ ಅಂಕಿಗಳು ಹೀಗೆ ಜಿನೀವಾದ ಮೇಜಿನವರೆಗೆ ನಡೆದವು.

ಉಲ್ಲೇಖವೆಂದರೆ ಬರೀ ಹೊಗಳಿಕೆ ಎಂದು ತಿಳಿಯಬೇಡಿ. ಜಗಳವೂ ಉಲ್ಲೇಖವೇ. 2012ರಲ್ಲಿ ಬ್ರಿಟನ್ನಿನ ಆಲಿಸನ್ ಪೊಲಾಕ್ ಮತ್ತು ಸಂಗಡಿಗರು, ಹಳ್ಳಿಯ ಮಟ್ಟದಲ್ಲಿ ಇದನ್ನು ಹಂಚಲು ಸಿಕ್ಕಿರುವ ಸಾಕ್ಷ್ಯ ಸಾಲದು, ಗುಳಿಗೆ ಕೊಟ್ಟು ಕೈತೊಳೆದುಕೊಂಡು ಆಸ್ಪತ್ರೆ ಕಟ್ಟುವುದನ್ನು ಸರ್ಕಾರಗಳು ಮರೆತಾವು ಎಂಬ ಅರ್ಥದ ಆಕ್ಷೇಪ ಎತ್ತಿದರು. ನಮಗೆ ಈ ಜಗಳ ಹಿಡಿಸಿತು. ಎಣಿಸುವ ಯಂತ್ರಕ್ಕೆ ಮಾತ್ರ ಹೊಗಳಿದ್ದೂ ಒಂದೇ, ತೆಗಳಿದ್ದೂ ಒಂದೇ. ಎರಡಕ್ಕೂ ಒಂದೊಂದು ಅಂಕ.

ಆ ಗೆರೆಯ ಚೀಲದ ಕಥೆ ಇನ್ನೂ ದೊಡ್ಡದಾಯಿತು. 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಗಳ 80 ಆಸ್ಪತ್ರೆಗಳಲ್ಲಿ, 2 ಲಕ್ಷಕ್ಕೂ ಮೀರಿದ ಹೆರಿಗೆಗಳಲ್ಲಿ ನಡೆಸಿದ ‘ಇ-ಮೋಟಿವ್’ ಎಂಬ ಅಧ್ಯಯನದ ವರದಿ ಬಂತು. ಅಂಥದೇ ಗೆರೆಯ ಚೀಲ ಹಾಸಿ, ಗೆರೆ ದಾಟಿದ ಕೂಡಲೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದರು. ಚೀಲ ಹಾಸಿದಲ್ಲಿ ರಕ್ತಸ್ರಾವದ ನೂರು ಪ್ರಕರಣಗಳಲ್ಲಿ 93 ಗುರುತಿಗೆ ಬಂದವು. ಕಣ್ಣನ್ನೇ ನಂಬಿದಲ್ಲಿ 51. ವಿಪರೀತ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವೆಲ್ಲ ಸೇರಿ ಶೇ. 60ರಷ್ಟು ಕಡಿಮೆಯಾದವು. ಹೊಸ ಔಷಧವೇನೂ ಇಲ್ಲ. ಒಂದು ಹಾಳೆ, ಒಂದು ಗೆರೆ, ತಡಮಾಡದ ಕೈ.

ಈಗ ಹೆಸರುಗಳ ಮಾತು. ಲ್ಯಾನ್ಸೆಟ್ ಪ್ರಬಂಧದ ತಲೆಯ ಮೇಲೆ 12 ಹೆಸರುಗಳಿವೆ. ಮೊದಲನೆಯದು ಅಮೆರಿಕದ ರಿಚರ್ಡ್ ಡರ್ಮನ್. ನಮ್ಮೂರ ಕಾಲೇಜಿನವರು ಐವರು: ಕೊಡಕಣಿ, ಗೌಡರ, ನಾಯಕ, ಬೆಲ್ಲದ, ಪಟ್ಟೇದ. ಇವರಲ್ಲಿ ಡಾ. ಶಿವಪ್ರಸಾದ ಗೌಡರ ಅಲ್ಲಿಂದಾಚೆ ಜಗತ್ತಿನ ತಾಯಿ-ಮಕ್ಕಳ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರು. ಹುಟ್ಟಿ ಉಸಿರಾಡದ ಕೂಸುಗಳನ್ನು ಉಳಿಸುವ ತರಬೇತಿಯ ಅಧ್ಯಯನ 2013ರಲ್ಲಿ. ಚೊಚ್ಚಲ ಬಸುರಿಯರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟು ದಿನ ತುಂಬದ ಹೆರಿಗೆ ತಡೆಯುವ, ಆರು ದೇಶಗಳ 11,976 ಹೆಣ್ಣುಮಕ್ಕಳ ಪ್ರಯೋಗ 2020ರಲ್ಲಿ. ಎರಡರಲ್ಲೂ ಬೆಳಗಾವಿ ಜಿಲ್ಲೆಯ ತಾಯಂದಿರಿದ್ದಾರೆ. ಹಳೆಯ ಪ್ರಬಂಧಗಳಲ್ಲಿ ನಮ್ಮೂರು ‘ಬೆಲ್ಗಾಮ್’, 2014ರ ನವೆಂಬರಿನಿಂದ ‘ಬೆಳಗಾವಿ’. ಹುಡುಕುವವರು ಎರಡೂ ಹೆಸರಿನಲ್ಲಿ ಹುಡುಕಬೇಕು. ಕಾಯಿದೆಯಲ್ಲಿ ಊರಿನ ಹೆಸರು ಬದಲಾಯಿತು, ಹಳೆಯ ಉಲ್ಲೇಖದಲ್ಲಿ ಬದಲಾಗಲಿಲ್ಲ.

ಆದರೆ ಆ 25 ನರ್ಸಬಾಯಿಗಳು? ಪ್ರಬಂಧದ ಸಾರಾಂಶದಲ್ಲಿ ಅವರು ಒಂದು ಅಂಕಿ. ಆಟೋ ನಗರದಲ್ಲಿ ಇದು ನಮಗೆ ಬೇಗ ತಿಳಿಯುತ್ತದೆ. ಗಾಡಿ ರಿಪೇರಿಯಾದರೆ ಬಿಲ್ಲಿನ ಮೇಲೆ ಮಾಲಕನ ಹೆಸರು, ಗ್ಯಾರೇಜಿನ ಹೆಸರು. ಇಂಜಿನ್ನಿನ ಕೆಳಗೆ ಬೆನ್ನು ಹಚ್ಚಿ ಮಲಗಿದ ಹುಡುಗ ‘ಲೇಬರ್ ಚಾರ್ಜ್’ ಎಂಬ ಒಂದು ಸಾಲು. ಮಾಲಕ ಒಳ್ಳೆಯವನಿರಬಹುದು, ಕೆಲಸ ಗಟ್ಟಿ ಇರಬಹುದು. ಬಿಲ್ಲಿನ ಪದ್ಧತಿ ಅದು. ಲೇಖಕ ಎನ್ನಿಸಿಕೊಳ್ಳಲು ಯೋಚಿಸಿರಬೇಕು, ಬರೆದಿರಬೇಕು, ಬರೆದದ್ದಕ್ಕೆ ಹೊಣೆ ಹೊತ್ತಿರಬೇಕು ಎಂಬ ನಿಯಮವನ್ನು ವೈದ್ಯ ಪತ್ರಿಕೆಗಳು ಮಾಡಿಕೊಂಡಿವೆ. ನಿಯಮ ಕೇಳಲು ನ್ಯಾಯವಾಗಿದೆ. ಆದರೆ ಆ ಹಾಳೆಯನ್ನು ಹಾಸದಿದ್ದರೆ, ಚಿಮಣಿ ಬೆಳಕಿನಲ್ಲಿ ಗೆರೆಯನ್ನು ನೋಡಿ ಸುಳ್ಳಿಲ್ಲದೆ ಬರೆಯದಿದ್ದರೆ, ಯೋಚಿಸಿದವರು ಏನನ್ನು ಬರೆಯುತ್ತಿದ್ದರು?

ನಮ್ಮ ಗೆಳೆಯನ ತಾಯಿ, ನಿವೃತ್ತ ನರ್ಸಬಾಯಿ, ಆ ಪ್ರಯೋಗದಲ್ಲಿ ಇದ್ದವರಲ್ಲ. ಆದರೆ ಮೂವತ್ತೊಂದು ವರ್ಷ ಉಪಕೇಂದ್ರದ ನೌಕರಿ ಮಾಡಿದವರು. ಬಾಯಾರ, ನಿಮ್ಮ ಹೆಸರ ಹಾಕದಿದ್ರ ನಿಮಗ ಸಿಟ್ಟು ಬರ್ತಿತ್ತೇನ್ರಿ ಎಂದು ಕೇಳಿದೆವು. ಅವರು ನಕ್ಕರು.

‘ಹೆಸರ ತಗೊಂಡು ಏನ್ ಮಾಡ್ಲೋ ಯಪ್ಪಾ. ಗುಳಿಗಿ ಛಲೋ ಆತು ಅಂತ ತಿಳೀತಲ್ಲ, ಮರುದಿನಾನ ನನ್ನ ಚೀಲದಾಗ ಗುಳಿಗಿ ಹಾಕಿ ಕೊಟ್ಟಿದ್ರ ಸಾಕಿತ್ತು. ನಮಗ ರಜಿಸ್ಟರ್ ಕೊಡ್ತಾರ, ಗುಳಿಗಿ ಆಮ್ಯಾಲೆ ಕೊಡ್ತಾರ.’

ಈ ಮಾತು ನಮ್ಮ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಅಲ್ಲಿಯವರೆಗೆ ನಾವು ಹೆಸರಿಗಾಗಿ ಜಗಳಾಡುತ್ತಿದ್ದೆವು. ಉಲ್ಲೇಖವೆಂದರೆ ಏನು ಹಾಗಾದರೆ? ಇಂಥವರಿಂದ ಪಡೆದೆ ಎಂದು ಒಪ್ಪಿಕೊಳ್ಳುವುದು. ಅಂದರೆ ಸಾಲದ ಪತ್ರ. ಪ್ರಬಂಧ ಪ್ರಬಂಧಕ್ಕೆ ಸಾಲ ಒಪ್ಪುತ್ತದೆ, ಅದನ್ನು ಎಣಿಸಲು ಯಂತ್ರವಿದೆ. ಪ್ರಬಂಧ 1620 ತಾಯಂದಿರಿಗೆ ಮಾಡಿದ ಸಾಲವನ್ನು ಎಣಿಸುವ ಯಂತ್ರವಿಲ್ಲ. ಆ ಸಾಲ ಹೆಸರಿನಲ್ಲಿ ತೀರುವುದೂ ಅಲ್ಲ. ಅವರಿಗೆ ಅವರ ಮಾತಿನಲ್ಲಿ ಫಲಿತಾಂಶ ಹೇಳಬೇಕು. ಅವರ ಸೊಸೆಯಂದಿರ ಹೆರಿಗೆಯಲ್ಲಿ ಆ ಗುಳಿಗೆ, ಆ ಹಾಳೆ, ಆ ಸೂಜಿ ಇರಬೇಕು. ಪಾವಗಡದ ಸೂಲಗಿತ್ತಿ ನರಸಮ್ಮನವರು ಕಾಸು ಪಡೆಯದೆ ಹದಿನೈದು ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಒಬ್ಬರಿಗೆ ಹಾರ ಹಾಕಿ ಉಳಿದ ಸೂಲಗಿತ್ತಿಯರನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸುವುದು ನಮ್ಮ ನಾಡಿಗೆ ಹೊಸದಲ್ಲ.

ಬದಲಾವಣೆ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಕರ್ನಾಟಕದಲ್ಲಿ ಲಕ್ಷ ಹೆರಿಗೆಗೆ ಸಾಯುವ ತಾಯಂದಿರು 2001-03ರಲ್ಲಿ 228 ಇದ್ದದ್ದು 2018-20ಕ್ಕೆ 69ಕ್ಕೆ ಇಳಿಯಿತು. ಮನೆಯ ಹೆರಿಗೆ ಈಗ ಅಪರೂಪ. ಆಂಬುಲೆನ್ಸ್ ಬಂತು, ಆಶಾ ಕಾರ್ಯಕರ್ತೆ ಬಂದಳು. ಆ ಆಶಾ ತಾಯಂದಿರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ಹಗಲೂ ರಾತ್ರಿ ಕೂರಬೇಕಾಯಿತು ಅನ್ನುವುದು ಬೇರೆ. ಲೆಕ್ಕ ಇಳಿಯಿತು, ನಿಜ. ಆದರೆ ಸರಾಸರಿಗೆ ಕಾಡಿನ ದಾರಿ ಗೊತ್ತಿಲ್ಲ. 2024ರ ಜುಲೈಯಲ್ಲಿ, ಖಾನಾಪುರ ತಾಲೂಕಿನ ಭೀಮಗಡ ಅರಣ್ಯದೊಳಗಿನ ಆಮಗಾಂವದಿಂದ ಕಾಯಿಲೆ ಬಿದ್ದ ಹೆಣ್ಣುಮಗಳನ್ನು ಊರವರು ಕಟ್ಟಿಗೆಯ ಚಟ್ಟದಂಥ ಡೋಲಿಯಲ್ಲಿ ಮಳೆಯೊಳಗೆ ಹೊತ್ತು ತಂದದ್ದನ್ನು ಪತ್ರಿಕೆಗಳೆಲ್ಲ ಬರೆದವು. 1994ರ ಕಂಬಳಿ ಜೋಲಿ, 2024ರ ಕಟ್ಟಿಗೆಯ ಡೋಲಿ. ಮೂವತ್ತು ವರ್ಷಗಳಲ್ಲಿ ಬಂದ ಪ್ರಬಂಧಗಳ ರಾಶಿ ಈ ಎರಡರ ನಡುವೆ ಇದೆ.

ನಾವು ಮಾಡಿದ್ದು ಸಣ್ಣ ಕೆಲಸ. ಆ ಪ್ರಬಂಧದ ಕೋಷ್ಟಕಗಳನ್ನು ಕನ್ನಡಕ್ಕೆ ಇಳಿಸಿದೆವು. ನಮ್ಮ ಪೇಂಟರ್ ಗೆಳೆಯ ಲಾರಿಯ ಬಾಡಿಗೆ ತಂದು ಉಳಿದಿದ್ದ ತಗಡಿನ ಮೇಲೆ ಆ ಹಾಳೆಯ, ಚೀಲದ ಚಿತ್ರ ಬರೆದ. 500ಕ್ಕೆ ಕೆಂಪು ಗೆರೆ. 2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ನಾಡಿ ಅಥವಾ ರಕ್ತದ ಒತ್ತಡ ಏರುಪೇರಾಗಿದ್ದರೆ 300 ದಾಟಿದಾಗಲೇ ಚಿಕಿತ್ಸೆ ಶುರು ಮಾಡಬೇಕು ಎಂದದ್ದರಿಂದ ಅಲ್ಲೊಂದು ಹಳದಿ ಗೆರೆಯನ್ನೂ ಎಳೆದ. ಮಿಲಿಲೀಟರ್ ಎಂದರೆ ಯಾರಿಗೆ ತಿಳಿಯಬೇಕು ಎಂದು ಪಕ್ಕದಲ್ಲಿ ಅರ್ಧ ಲೀಟರಿನ ಹಾಲಿನ ಪಾಕೀಟು ಬರೆದ. ಖಾನಾಪುರದ ಕಡೆ ಎರಡು ಹಳ್ಳಿಗಳಲ್ಲಿ ತಗಡು ಕಟ್ಟಿ, ಹೆಂಗಸರನ್ನು ಕೂಡಿಸಿ ಓದಿ ಹೇಳಿದೆವು. ಸೂಲಗಿತ್ತಿ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು. ಅವಳು ಕೆಂಪು ಗೆರೆಯ ಮೇಲೆ ಬೆರಳಿಟ್ಟು, ‘ಇಷ್ಟರಾಗನ ಮಾರಿ ಬೆಳ್ಳಗಾಗೂದಿಲ್ಲವಾ. ಅದಕ್ಕಿಂತ ಮೊದಲ ತಿಳೀತೈತಿ ನೋಡ ಇದರಾಗ’ ಎಂದು ಉಳಿದ ಹೆಂಗಸರಿಗೆ ತಾನೇ ಪಾಠ ಶುರು ಮಾಡಿದಳು. ನಾವು ಹಿಂದೆ ಸರಿದು ಕೂತೆವು.

ಒಂದು ತೊಡಕು ಉಳಿದಿದೆ. ಅಲ್ಲಿ ಅರ್ಧ ಮನೆಗಳ ಮಾತು ಮರಾಠಿ. ನಮಗೆ ಮಾತಾಡಲು ಬರುತ್ತದೆ, ಬರೆಯಲು ಕೈ ಓಡದು. ಮರಾಠಿ ಬರೆಯಬಲ್ಲ ಗೆಳೆಯರು, ಮಾಸ್ತರರು ಯಾರಾದರೂ ಇದ್ದರೆ ರವಿವಾರ ಸಂಜೆ ಆಟೋ ನಗರಕ್ಕೆ ಬರ್ರಿ. ಬಣ್ಣ ಐತಿ, ತಗಡು ಇನ್ನೂ ಎರಡು ಉಳದಾವ.